ಕ್ಯಾಪ್ಟನ್ ಒಡೆದ ಕುಂಬಳಕಾಯಿ

ಅಮೆರಿಕದ ಸ್ಕ್ರಿಪ್ಸ್ ರ್ಯಾಂಚಿನಲ್ಲಿ ಬೂದುಗುಂಬಳ ಸಿಗದಿದ್ದುದೇ ಎಲ್ಲಕ್ಕೂ ಮೂಲ. ಹೊಸ ಕಾರಿಗೆ ಆಯುಧಪೂಜೆ ಮಾಡಿ ದೃಷ್ಟಿ ತೆಗೆಯದೆ ಬಿಡುವುದುಂಟೇ? ಹ್ಯಾಲೊವೀನ್ ಹಬ್ಬಕ್ಕೆಂದು ಅಂಗಡಿಯಲ್ಲಿ ರಾಶಿ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿಯನ್ನೇ ತಂದು, ಒಳಗೆ ಕುಂಕುಮ ತುಂಬಿ, ಚಂದ್ರಮೋಹನ ಬೆಳಗ್ಗೆ ಬೀದಿ ಕೂಡುವಲ್ಲಿ ಅಪ್ಪಳಿಸಿದ. ನೆಮ್ಮದಿಯಿಂದ ಆಫೀಸಿಗೆ ಹೋದ.

ಮಧ್ಯಾಹ್ನ ಹೆಂಡತಿ ವತ್ಸಲಾ ಫೋನ್ ಮಾಡಿದಳು. "ರೀ, ನಿಮ್ಮ ಕುಂಬಳಕಾಯಿ ಸುತ್ತ ಪೊಲೀಸ್ನೋರು ಟೇಪ್ ಕಟ್ಟಿದಾರೆ. ರಕ್ತ ಅಂದ್ಕೊಂಡಿದ್ರಂತೆ. ಸಂಜೆ ಮೀಟಿಂಗು, ನೀವೇ ನಡೆಸ್ಬೇಕಂತೆ."

ನಡೆಸಲೇಬೇಕು. ಬೀದಿಯವರು ಪೊಲೀಸರ ಜೊತೆ ಸೇರಿ ಕಟ್ಟಿಕೊಂಡ ಕಾವಲು ಸಂಘಕ್ಕೆ ಅವನೇ ಕ್ಯಾಪ್ಟನ್. ಯಾರೋ ಪುಂಡರು ಜಗಲಿಗಳ ಮೇಲಿಟ್ಟ ಕುಂಬಳಕಾಯಿ ಕದ್ದು ರಸ್ತೆಯಲ್ಲಿ ಒಡೆಯುತ್ತಿದ್ದರು. ಒಡೆದವನು ತಿಂಗಳಿಡೀ ಬೀದಿ ಗುಡಿಸಬೇಕೆಂದು ಹೋದ ವಾರ ಆವೇಶದಿಂದ ಗೊತ್ತುವಳಿ ತಂದವನೂ ಅವನೇ. ಅಷ್ಟು ದಿನ ಬರೀ "ಆ ಇಂಡಿಯನ್" ಆಗಿದ್ದವನನ್ನು ಅಂದು ಮೊದಲ ಸಲ ಜನ "ಚಂದ್ರಾ" ಎಂದು ಕರೆದಿದ್ದರು. ಅರ್ಧ ಹೆಸರಾದರೇನು, ಹೆಸರು ತಾನೇ. ಇನ್ನು ಅದೂ ಹೋಯಿತೆಂದು ಅವನಿಗೆ ನಿಜಕ್ಕೂ ಸಂಕಟವಾಯಿತು.

ಸಂಜೆ ಎದುರುಮನೆಯ ಮಿಸೆಸ್ ಹಾರ್ಪರ್ ಅವರ ಗ್ಯಾರೇಜಿನಲ್ಲಿ ಎಲ್ಲರೂ ಸೇರಿದರು; ಪೊಲೀಸ್ ಅಧಿಕಾರಿಯೊಬ್ಬನೂ ಬಂದಿದ್ದ. ಕುಂಬಳಕಾಯಿ ಕಳ್ಳ ನಮ್ಮ ನಡುವೆಯೇ ಇದ್ದಾನೆ ಎಂದು ಆಕೆ ಶುರುಮಾಡಿದ್ದೇ ತಡ, ಚಂದ್ರಮೋಹನನ ಕೈ ತಾನಾಗಿ ಹೆಗಲಿಗೆ ಹೋಯಿತು. ಪುಣ್ಯಕ್ಕೆ ಆ ಗಾದೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಕಣ್ಣೂ ಮೂಲೆಮನೆಯ ಬಾಡಿಗೆದಾರ ಡಗ್ ಮೇಲೆ. ಉದ್ದ ಕೂದಲು ಬಿಟ್ಟು ಡ್ರಮ್ಸ್ ಬಾರಿಸುವವನಿಗೆ ಬೇರೆ ಸಾಕ್ಷಿ ಯಾಕೆ? ಮನೆ ಖಾಲಿ ಮಾಡಿಸೋಣ ಎಂದರು ಯಾರೋ. ಡಗ್ ನೆಲ ನೋಡುತ್ತ ಕುಳಿತ.

ಚಂದ್ರಮೋಹನನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಇವತ್ತಿನದನ್ನು ಒಡೆದವನು ತಾನೇ, ಕಾರಿಗೆ ಕೆಟ್ಟ ಕಣ್ಣು ತಾಗದಿರಲೆಂದು ತಮ್ಮ ಕಡೆ ಹೀಗೆ ಮಾಡುತ್ತಾರೆ ಎಂದು ಬೆವರುತ್ತ ಒಪ್ಪಿಕೊಂಡ.

ಇದರಿಂದ ಫಲ ಉಂಟೋ ಎಂದು ಪೊಲೀಸ್ ಅಧಿಕಾರಿ ಕೇಳಿದ. ಬೆಂಗಳೂರಿನಲ್ಲಿ ತನ್ನ ಸ್ಕೂಟರಿಗೆ ಒಂದು ಗೀರೂ ಬಿದ್ದಿರಲಿಲ್ಲ ಎಂದ ಚಂದ್ರಮೋಹನ. ಎರಡು ಸಲ ಕಾರಿನ ರೇಡಿಯೊ ಕಳೆದುಕೊಂಡಿದ್ದ ಮಿಸೆಸ್ ಹಾರ್ಪರ್ ಎದ್ದು ಹೋಗಿ ತಮ್ಮ ಜಗಲಿಯ ಕುಂಬಳಕಾಯಿ ಎತ್ತಿಕೊಂಡು ಬಂದರು. ಅವರ ಹಿಂದೆ ಡಗ್‌ನ ವ್ಯಾನು, ಅದರ ಹಿಂದೆ ಬೀದಿಗೆ ಬೀದಿಯೇ. "ಚಂದ್ರಾ, ನಂದು", "ಚಂದ್ರಾ, ನಮ್ಮದು" ಎಂಬ ಕರೆಗೆ ಕಣ್ಣು ತುಂಬಿ ಬಂದು, ಅವನು ಒಡೆದೇ ಒಡೆದ. ಕೊನೆಗೆ ಪೊಲೀಸ್ ಕಾರಿಗೂ ಒಂದಾಯಿತು.

ಬೀದಿಯೆಲ್ಲ ಕುಂಬಳಕಾಯಿ ಪಲ್ಯವಾದ ಮೇಲೆ ಎಲ್ಲರೂ ಅವನ ಬೆನ್ನು ತಟ್ಟಿ ಮನೆಗೆ ಹೋದರು. ಮಿಸೆಸ್ ಹಾರ್ಪರ್ ಮಾತ್ರ ತಿರುಗಿ ಬಂದರು. ರೂಲ್ ಅಂದರೆ ರೂಲ್ ಎನ್ನುತ್ತ, ಪ್ರೀತಿಯಿಂದಲೇ, ಅವನ ಕೈಗೊಂದು ಹೊಸ ಪೊರಕೆ ಕೊಟ್ಟರು.

ಬಾಗಿಲಲ್ಲಿ ನಿಂತಿದ್ದ ವತ್ಸಲಾ ನಿಟ್ಟುಸಿರುಬಿಟ್ಟಳು. "ಹೋದ ವಾರವೇ ಬಡ್ಕೊಂಡೆ, ಒಂದು ದಿನ ಗುಡಿಸಿದ್ರೆ ಸಾಕು ಅಂತ. ತಿಂಗಳೇ ಆಗ್ಬೇಕು ಅಂದೋರು ನೀವೇ ಅಲ್ವೇನ್ರೀ?"