ಈಸ್ಟರಿಗೆ ಆಗದ ಬಿಯರ್

ಬಚ್ಚಲೊಲೆಯ ಮೇಲೆ ಕೂರಿಸಿ ನೀರು ಕಾಯಿಸುವ ದೊಡ್ಡ ತಾಮ್ರದ ಪಾತ್ರೆಗೆ ನಮ್ಮ ಮನೆಯಲ್ಲಿ ಒಂದು ಹೆಸರಿತ್ತು. ಹಂಡೆ ಅಲ್ಲ, ಕೊಪ್ಪರಿಗೆಯೂ ಅಲ್ಲ. ‘ಭಾ’ ಎಂದು ಶುರುವಾಗುತ್ತದೆ, ಅಲ್ಲಿಗೇ ನಿಲ್ಲುತ್ತದೆ. ನಾನು ಮಂಗಳೂರು ಬಿಟ್ಟ ಹಾಗೆ ಅದು ನನ್ನನ್ನು ಬಿಟ್ಟಿದೆ. ಹೋಗಲಿ, ಪಾತ್ರೆ ಅಂದರೆ ಸಾಕು. ಅಷ್ಟೇ ದೊಡ್ಡ ಸ್ಟೀಲಿನದೊಂದು ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ನನ್ನ ಮಗನ ಗ್ಯಾರೇಜಿನಲ್ಲಿದೆ. ಅದರಲ್ಲಿ ಅವನು ಬಿಯರ್ ಮಾಡುತ್ತಾನೆ.

ನಾನು ಅರ್ಧ ವರ್ಷ ಸಿಡ್ನಿಯ ಎಪ್ಪಿಂಗ್‌ನಲ್ಲಿ ಮಗಳ ಮನೆಯಲ್ಲಿ, ಅರ್ಧ ವರ್ಷ ಮೆಲ್ಬರ್ನ್‌ನಲ್ಲಿ ಮಗನ ಮನೆಯಲ್ಲಿ. ಎರಡೂ ಕಡೆ ನನಗೆ ಬೇಕಾದದ್ದು ಒಂದು ಕುರ್ಚಿ. ಆದರೆ ಸುಮ್ಮನೆ ಕೂತ ಮುದುಕಿಯ ಕೈಗೆ ಯಾರಾದರೂ ಏನಾದರೂ ಕೊಟ್ಟೇ ಕೊಡುತ್ತಾರೆ. ಆಮೇಲೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ.

ಜೇನಿಲ್ಲದ ಜೇನು

ಮಗನ ಮೊದಲ ಬಿಯರ್ ಹುಳಿಯಾಯಿತು. ಎರಡನೆಯದು ಬಾಟಲಿ ಒಡೆದು ಗ್ಯಾರೇಜಿನ ಗೋಡೆ ಹತ್ತಿತು. ಮೂರನೆಯದನ್ನು ಹುಲ್ಲಿಗೆ ಸುರಿದ, ಹುಲ್ಲು ಹಳದಿಯಾಯಿತು. ಸೊಸೆ ಆಸ್ಪತ್ರೆಯಲ್ಲಿ ನರ್ಸ್, ಜಾಸ್ತಿ ಮಾತಾಡುವವಳಲ್ಲ. “ಈಸ್ಟರ್ ಊಟಕ್ಕೆ ಕುಡಿಯುವ ಹಾಗಿರುವ ಒಂದು ಗ್ಲಾಸ್ ಕೊಡಿ. ಇಲ್ಲದಿದ್ದರೆ ನಿಮ್ಮ ಪಾತ್ರೆ ಹೊರಗೆ, ನನ್ನ ಕಾರು ಒಳಗೆ” ಅಂದಳು.

ಮಗ ಈ ಸಲ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರ್ ಮಾಡಬೇಕೆಂದು ಹೊರಟ. ಅದಕ್ಕೆ ಹನಿ ಮಾಲ್ಟ್ ಬೇಕಂತೆ. ಮೊಳಕೆ ಬರಿಸಿ ಹುರಿದ ಬಾರ್ಲಿ ಅದು, ಜೇನಿನ ವಾಸನೆ ಬರುತ್ತದೆ, ಜೇನು ಇರುವುದಿಲ್ಲ. ಅವನಿಗೆ ಮೆಲ್ಬರ್ನ್‌ನಲ್ಲಿ ಸಿಗಲಿಲ್ಲ. ಮಗಳು ಮ್ಯಾಕ್ವೆರಿ ಪಾರ್ಕ್‌ನ ಆಫೀಸು ಮುಗಿಸಿ ಬರುವಾಗ ತಂದು ನನ್ನ ಕೈಚೀಲದಲ್ಲಿಟ್ಟಳು. ಗರಿಗಳ ಭಾನುವಾರ, ಅಂದರೆ ಈಸ್ಟರಿಗೆ ಒಂದೇ ವಾರ ಇರುವಾಗ, ನಾನು ಮೆಲ್ಬರ್ನ್‌ಗೆ ವಿಮಾನ ಹತ್ತಿದೆ.

ವಿಮಾನದಲ್ಲಿ ತಿನ್ನಲು ಏನೂ ಕೊಡಲಿಲ್ಲ. ಚೀಲದಿಂದ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿದೆ. ಪಕ್ಕದ ಬಿಳಿಯ ಮುದುಕ ನೋಡಿದ. “ಇಂಡಿಯನ್ ಸ್ನ್ಯಾಕ್?” ಅಂತ ಕೇಳಿದ. ವಿವರಿಸಲು ತ್ರಾಣವಿರಲಿಲ್ಲ, ಯೆಸ್ ಅಂದೆ. ಅವನೂ ಕೈಚಾಚಿದ.

ಮನೆಯಲ್ಲಿ ಮಗ ಪೊಟ್ಟಣ ಎತ್ತಿ ನೋಡಿದ. “ಎಂತ ಮಮ್ಮಿ ಇದು, ಅರ್ಧವೇ ಉಂಟಲ್ಲ?”

“ಜೇನು ಇಲ್ಲ ಅಂದಿದ್ದೆಯಲ್ಲ, ನಿಜವೋ ಅಂತ ನೋಡಿದೆ. ನಿಜವೇ.”

ಶಾಲು

ಬುಧವಾರ ಅವನು ರಜೆ ಹಾಕಿದ. ಬಿಸಿನೀರಿಗೆ ನುಚ್ಚು ಮಾಡಿದ ಬಾರ್ಲಿ ಸುರಿದು, ನನ್ನ ಕೈಗೆ ಮರದ ಸೌಟು ಕೊಟ್ಟ. ಅದು ಸೌಟಲ್ಲ, ದೋಣಿಯ ಹುಟ್ಟು. ನನ್ನ ಭುಜಕ್ಕೆ ಡಾಕ್ಟರು ವಿಶ್ರಾಂತಿ ಹೇಳಿದ್ದರು. ಆದರೂ ತಿರುಗಿಸಿದೆ.

ಕಾರಣ ಹೇಳುತ್ತೇನೆ. ಮನೆಯೊಳಗೆ ಮಗ ನನ್ನೊಡನೆ ಆಡುವುದು ಎರಡು ಮಾತು: ಊಟ ಆಯಿತಾ, ಮಾತ್ರೆ ತಕೊಂಡೆಯಾ. ಉಳಿದದ್ದೆಲ್ಲ ಫೋನಿಗೆ. ಆದರೆ ಆ ಪಾತ್ರೆಯ ಪಕ್ಕ ಕೂತರೆ ಇಡೀ ದಿನ ಮಾತಾಡುತ್ತಾನೆ. ಆಫೀಸಿನಲ್ಲಿ ಯಾರನ್ನು ಕಂಡರೆ ಆಗುವುದಿಲ್ಲ, ಸತ್ತ ಅಪ್ಪ ಕನಸಿನಲ್ಲಿ ಬಂದು ಯಾಕೆ ಬೈದರು, ಎಲ್ಲ. ಬಿಯರ್ ಹೇಗಾದರೂ ಇರಲಿ, ಪಾತ್ರೆ ಮಾತ್ರ ಹೊರಗೆ ಹೋಗಬಾರದು ಅಂತ ನನಗೆ.

ಬಾರ್ಲಿ ಸಿಹಿ ಬಿಡಬೇಕಾದರೆ ಒಂದು ಗಂಟೆ ಬಿಸಿ ಆರಬಾರದು. ಅವನು ಆಚೀಚೆ ನೋಡಿ, ನನ್ನ ಹೆಗಲಿನ ಉಣ್ಣೆಯ ಶಾಲು ತೆಗೆದು ಪಾತ್ರೆಗೆ ಸುತ್ತಿದ.

“ಮಾರಾಯ, ನನಗೆ ಚಳಿ” ಅಂದೆ.

“ನಿನಗೆ ಸ್ವೆಟರ್ ಉಂಟಲ್ಲ ಮಮ್ಮಿ. ಅದಕ್ಕೆ ಯಾರಿದ್ದಾರೆ?”

ಕಷಾಯ

ಮಧ್ಯಾಹ್ನ ಆ ಸಿಹಿನೀರಿಗೆ ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿದ. ವಾಸನೆ ಬೇಲಿ ದಾಟಿತು. ಪಕ್ಕದ ಮನೆಯ ಮೈಸೂರಿನ ಹೆಂಗಸು ಇಣುಕಿದಳು. ಒಳ್ಳೆಯವಳು, ಮನೆಯಲ್ಲಿ ಈರುಳ್ಳಿಯನ್ನೂ ಸೇರಿಸುವುದಿಲ್ಲ.

“ಏನಾಂಟಿ, ಕಷಾಯಾನಾ? ಯಾರಿಗೆ?”

“ಮಗನಿಗೆ.”

“ಅಯ್ಯೋ ಪಾಪ. ತುಂಬಾ ದಿನದಿಂದ ಇದೆಯಾ?”

“ವರ್ಷವಾಯಿತು. ಹೆಂಡತಿ ಈಸ್ಟರಿಗೆ ಬಿಡಿಸುತ್ತೇನೆ ಅಂದಿದ್ದಾಳೆ.”

“ಬಿಡಿಸಲಿ ಬಿಡಿ ಆಂಟಿ. ನರ್ಸ್ ಅಲ್ವಾ, ಅವಳಿಗೆ ಗೊತ್ತಿರುತ್ತೆ.”

ನೊರೆ

ಯೀಸ್ಟ್ ಹಾಕಿ ಮುಚ್ಚಿಟ್ಟ ಮೇಲೆ ಮಗ ಪುಸ್ತಕ ತೆರೆದು ನೋಡಿದ. ಕುಡಿಯಲು ಮೂರು ವಾರ ಬೇಕು. ಈಸ್ಟರಿಗೆ ನಾಲ್ಕು ದಿನ. ಇಂಜಿನಿಯರ್ ಅವನು. ಸೊಸೆ ಹೋಗಿ ಗ್ಯಾರೇಜಿನ ಅಗಲ ಅಳೆದಳು.

ಶನಿವಾರ ನಾನು ಸಾನ್ನಾಕ್ಕೆ ಅಕ್ಕಿ, ಉದ್ದು ರುಬ್ಬಿದೆ. ಇಡ್ಲಿಯ ಹಾಗೆ ಬೇಯಿಸುವುದು, ಆದರೆ ಕಳ್ಳು ಹಾಕಿ ಉಬ್ಬಿಸುವುದು. ಈಸ್ಟರಿಗೆ ಹಂದಿ ಮಾಂಸದ ಖಾರದ ಬಾಫಾತಿನ ಜೊತೆ ಅದಿಲ್ಲದಿದ್ದರೆ ನಮ್ಮವರಿಗೆ ಹಬ್ಬವೇ ಅಲ್ಲ. ಇಲ್ಲಿ ಕಳ್ಳು ಎಲ್ಲಿದೆ? ಪ್ಯಾಕೆಟ್ ಯೀಸ್ಟ್ ಹಾಕಿ ಹಾಕಿ ನನ್ನ ಸಾನ್ನಾ ಇಷ್ಟು ವರ್ಷ ಚಪ್ಪಲಿಯ ಅಟ್ಟೆಯ ಹಾಗೆ ಆಗುತ್ತಿತ್ತು. ಎಲ್ಲರೂ ಚೆನ್ನಾಗಿದೆ ಅಂದು ಬ್ರೆಡ್ ತಿನ್ನುತ್ತಿದ್ದರು.

ಬಾರ್ಲಿ ತಿರುಗಿಸಿದ ಸೌಟು ಇಡಲು ಗ್ಯಾರೇಜಿಗೆ ಹೋದೆ. ಕಳ್ಳಿನ ವಾಸನೆ. ಬಿಯರಿನ ಮುಚ್ಚಳ ಎತ್ತಿದರೆ ಮೇಲೆ ಗೇಣುದ್ದ ನೊರೆ. ಕಂದು ಬಣ್ಣದ ಕಹಿ ಕೆನೆಯನ್ನು ಸರಿಸಿ, ಕುದಿನೀರಲ್ಲಿ ತೊಳೆದ ಚಮಚದಿಂದ ಕೆಳಗಿನ ಬಿಳಿ ನೊರೆಯನ್ನು ಒಂದು ಲೋಟ ತೆಗೆದೆ. ಮುಚ್ಚಿ ಬಂದೆ.

ಸಂಜೆ ಮಗ ಬಿಯರ್ ನೋಡಿ ಬಂದು ಸೋಫಾದಲ್ಲಿ ಕೂತ. “ನೊರೆ ಇಳಿದುಹೋಗಿದೆ. ಇದೂ ಹೋಯಿತು. ನಾಳೆ ಊಟ ಆದ ಮೇಲೆ ಎಲ್ಲ ಕಟ್ಟಿಡುತ್ತೇನೆ” ಅಂದ. ನಾನು ಜಪಮಾಲೆ ತೆಗೆದುಕೊಂಡೆ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಸಾನ್ನಾದ ತಟ್ಟೆಗಳನ್ನು ಇಳಿಸಿದೆ. ಒಂದೊಂದೂ ಹತ್ತಿಯ ದಿಂಬು. ಮೊಮ್ಮಗಳು ಬೆರಳಿನಿಂದ ಒತ್ತಿದಳು. “ಗ್ರ್ಯಾನಿ, ಇಟ್ಸ್ ಬ್ರೀದಿಂಗ್” ಅಂದಳು. ಸೊಸೆ ಒಂದು ತಿಂದಳು. ಇನ್ನೊಂದು ತಿಂದಳು. ನಾಲ್ಕನೆಯದಕ್ಕೆ ಕಣ್ಣೊರೆಸಿಕೊಂಡಳು. “ಮಮ್ಮಿ, ನನ್ನ ತಾಯಿ ಮಾಡುತ್ತಿದ್ದದ್ದು ಇದೇ. ಎಂತ ಹಾಕಿದಿರಿ?”

ಹಬ್ಬದ ದಿನ ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಅವನ ಬಿಯರಿನ ನೊರೆ.”

ಮಗ ಚಮಚ ಕೆಳಗಿಟ್ಟ. “ಮಮ್ಮಿ, ನಾನು ನಿನ್ನೆಯಿಂದ ಅಳುವುದೊಂದು ಬಾಕಿ.”

ಸೊಸೆ ಐದನೆಯದನ್ನು ತಟ್ಟೆಗೆ ಹಾಕಿಕೊಂಡಳು. “ಈ ನೊರೆ ಫ್ರಿಜ್ಜಿನಲ್ಲಿ ಇಟ್ಟರೆ ಉಳಿಯುತ್ತದಾ?”

“ಇಲ್ಲ” ಅಂದೆ. ನಿಜ ನನಗೂ ಗೊತ್ತಿಲ್ಲ.

“ಹಾಗಾದರೆ ಪ್ರತಿ ಸಲ ಹೊಸದು ಮಾಡಬೇಕು” ಅಂದಳು ಸೊಸೆ. “ಕಾರು ಹೊರಗೇ ಇರಲಿ. ಬಿಯರ್ ಬೇಕಾದರೆ ಚೆಲ್ಲಿ. ಮಮ್ಮಿ, ನನ್ನ ತಂಗಿಗೆ ಕಳಿಸಬೇಕು, ಈ ಸಾನ್ನಾ ಹೇಗೆ ಮಾಡುವುದಂತ ಹೇಳಿ.”

ನನ್ನ ಕನ್ನಡಕ ಎಲ್ಲಿತ್ತೋ. ಹುಡುಕಲು ಏಳುವ ಶಕ್ತಿಯೂ ಇರಲಿಲ್ಲ. ಮೊಮ್ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ.

“ಬರೆದುಕೋ ಮಗಾ. ಸಾನ್ನಾ ಮಾಡುವ ವಿಧಾನ. ಮೊದಲು ಇಪ್ಪತ್ತು ಲೀಟರ್ ಬಿಯರ್ ಮಾಡಲು ಇಡಬೇಕು.”