ಅತ್ತೆ ಕೊಡದ ಟಿಕೆಟು ಪುಸ್ತಕ

ನನ್ನ ಸೋದರತ್ತೆಯ ಕೈಗೆ ಸಿಕ್ಕಿದ ಯಾವ ಕಾಗದಕ್ಕೂ ಈ ಲೋಕದಿಂದ ಬಿಡುಗಡೆ ಇರಲಿಲ್ಲ. ಮದುವೆಯ ಕರೆಯೋಲೆ, ಬೀಡಿ ಕಟ್ಟಿನ ಲೇಬಲ್ಲು, ಬಸ್ಸಿನ ಟಿಕೆಟು, ಎಲ್ಲವೂ ಬಂಟ್ವಾಳ ಪೇಟೆಯ ಅವರ ಮನೆಯಲ್ಲಿದ್ದ ದೊಡ್ಡ ಬಿಸ್ಕತ್ತಿನ ಡಬ್ಬಿಗೆ ಹೋಗಿ ಸೇರುತ್ತಿದ್ದವು. ಇಷ್ಟನ್ನೆಲ್ಲ ಇಟ್ಟುಕೊಂಡು ಏನು ಮಾಡುತ್ತಿದ್ದರು ಎಂದು ಕೇಳುತ್ತೀರಾ? ನಮ್ಮ ಕೈಯಿಂದ ಕೆಲಸ ಮಾಡಿಸುತ್ತಿದ್ದರು!

ಎಪ್ಪತ್ತರ ದಶಕದ ನನ್ನ ಬೇಸಿಗೆ ರಜೆಗಳೆಲ್ಲ ಅಂಟಿನಲ್ಲೇ ಕಳೆದವು. ನಾನು ಮೂಡಬಿದಿರೆಯಿಂದ ಬಂದಿಳಿಯುವಾಗ ಅತ್ತೆಯ ಮಕ್ಕಳಿಬ್ಬರು ಆಗಲೇ ಚಾಪೆಯ ಮೇಲೆ ಕತ್ತರಿ ಹಿಡಿದು ಕುಳಿತಿರುತ್ತಿದ್ದರು. ಕರೆಯೋಲೆಯ ಗಣಪತಿಯನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದರೆ ಅದು ಆ ಮದುವೆಯ ನೆನಪು. ಟಿಕೆಟುಗಳನ್ನು ಬಸ್ಸಿನ ಆಕಾರಕ್ಕೆ ಜೋಡಿಸಿ, ಸುತ್ತ ಗುಲಗಂಜಿಯ ಅಂಚು ಕೊಟ್ಟರೆ ಅದು ಆ ಪ್ರಯಾಣದ ನೆನಪು. ಯಾರು ಯಾವುದರಿಂದ ಏನು ಮಾಡಿದರೋ ಅದು ಅವರದ್ದು. ಇದು ಅತ್ತೆಯ ಕಾನೂನು.

ಒಂದು ವಸ್ತುವಿಗೆ ಮಾತ್ರ ಈ ಕಾನೂನು ಅನ್ವಯಿಸುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ. ನನ್ನ ಅಪ್ಪ, ಅಂದರೆ ಅತ್ತೆಯ ತಮ್ಮ, ಮೂಡಬಿದಿರೆಯಿಂದ ಬಂಟ್ವಾಳಕ್ಕೆ ಬರುವ ಬಸ್ಸಿನ ಕಂಡಕ್ಟರಾಗಿದ್ದರು. ನನಗೆ ಮೂರು ವರ್ಷವಾಗಿದ್ದಾಗ ಜ್ವರದಲ್ಲಿ ತೀರಿಹೋದರು. ಅವರ ಅರ್ಧ ಖರ್ಚಾದ ಟಿಕೆಟು ಪುಸ್ತಕ ಡಬ್ಬಿಯ ತಳದಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡಿತ್ತು.

"ಅತ್ತೆ, ಅದನ್ನು ನನಗೆ ಕೊಡಿ. ಚಂದ ಮಾಡಿ ಅಂಟಿಸ್ತೇನೆ."

"ಈಗ ಆಗುವುದಿಲ್ಲ ಮಗಾ. ಪುಸ್ತಕ ಇನ್ನೂ ಮುಗಿಯಲಿಲ್ಲ."

ಕಂಡಕ್ಟರೇ ಇಲ್ಲದ ಮೇಲೆ ಪುಸ್ತಕ ಮುಗಿಯುವುದು ಹೇಗೆ? ಪ್ರತಿ ವರ್ಷ ಕೇಳುತ್ತಿದ್ದೆ, ಪ್ರತಿ ವರ್ಷವೂ ಅದೇ ಉತ್ತರ. ಆ ಸಿಟ್ಟಿಗೆ ಎಷ್ಟೋ ಗಣಪತಿಗಳ ಸೊಂಡಿಲು ಓರೆಯಾಗಿ ಕತ್ತರಿಸಿದ್ದೇನೆ.

ಅಂಟನ್ನು ಅತ್ತೆ ಮೈದಾ ಹಿಟ್ಟಿನಲ್ಲಿ ಕಾಯಿಸುತ್ತಿದ್ದರು, ಅದೂ ಅಡುಗೆಯ ಪಾತ್ರೆಯಲ್ಲೇ. ಒಮ್ಮೆ ಮಾವನ ಚಿಕ್ಕಪ್ಪ ನಾರಾವಿಯಿಂದ ಬಂದವರು, ಅತ್ತೆ ಬಾವಿಕಟ್ಟೆಯಲ್ಲಿದ್ದಾಗ, ಮುಚ್ಚಳ ತೆಗೆದು ನೋಡಿ, ಅಕ್ಕಿಹಿಟ್ಟು ಬೆಲ್ಲ ಕಾಯಿಸಿ ಮಾಡುವ ಮಣ್ಣಿ ಎಂದುಕೊಂಡು ಎರಡು ಸೌಟು ಬಡಿಸಿಕೊಂಡು ತಿಂದೇಬಿಟ್ಟರು.

"ಮಣ್ಣಿಗೆ ಬೆಲ್ಲ ಹಾಕಲು ಮರೆತದ್ದಾ?" ಎಂದು ಕೇಳಿದರು.

"ಬೆಲ್ಲ ಹಾಕಿದರೆ ಇರುವೆ ಬರ್ತದೆ," ಎಂದರು ಅತ್ತೆ.

ಇನ್ನೊಂದು ಸಲ ನಾವೆಲ್ಲ ಬೆಳ್ತಂಗಡಿಗೆ ಮದುವೆಗೆ ಹೊರಟಿದ್ದೆವು. ಬಸ್ಸಿನ ನೆಲದಲ್ಲಿ ಬಿದ್ದ ಟಿಕೆಟುಗಳನ್ನು ಹೆಕ್ಕುವುದು ಅತ್ತೆಯ ಅಭ್ಯಾಸ. ಅವರು ಯಾರೋ ನಾವು ಯಾರೋ ಎಂಬಂತೆ ನಾವು ಕಿಟಕಿಯ ಹೊರಗೆ ನೋಡುತ್ತಿದ್ದೆವು. ಮಡಂತ್ಯಾರಿನಲ್ಲಿ ಚೆಕಿಂಗಿನವರು ಹತ್ತಿದರು. "ಟಿಕೆಟು ತೋರಿಸಿ ಅಮ್ಮ" ಎಂದಾಗ ಅತ್ತೆ ಚೀಲವನ್ನೇ ಮಡಿಲಿಗೆ ಸುರಿದರು. ಅಷ್ಟೂ ಟಿಕೆಟುಗಳೇ.

"ಇದರಲ್ಲಿ ಒಂದು ಇವತ್ತಿನದ್ದು. ನೀವೇ ಹುಡುಕಿ. ಉಳಿದದ್ದನ್ನು ಮಾತ್ರ ಮಡಚಬೇಡಿ."

ಆತ ಪಾಪ, ಮುಂದಿನ ಎರಡು ಸ್ಟಾಪಿನ ತನಕ ಹುಡುಕಿದ. ಕೊನೆಗೆ ಟಿಕೆಟು ಸಿಕ್ಕಿದ್ದು ಅತ್ತೆಯ ಮುಷ್ಟಿಯಲ್ಲೇ.

ಒಂದು ಮಳೆಗಾಲ ನೇತ್ರಾವತಿ ಉಕ್ಕಿ ಅವರ ಮನೆಯ ಒಳಗೇ ಬಂದಳು. ಆಗ ನಾನಿರಲಿಲ್ಲ, ಮಾವ ಹೇಳಿದ್ದು. ಮಾವ ಅಕ್ಕಿಮುಡಿ, ಅಕ್ಕಿಮುಡಿ ಎಂದು ಬೊಬ್ಬೆ ಹೊಡೆಯುತ್ತಿರುವಾಗ ಅತ್ತೆ ಬಿಸ್ಕತ್ತಿನ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಅಟ್ಟ ಹತ್ತಿದರಂತೆ.

"ಅಕ್ಕಿ ಅಂಗಡಿಯಲ್ಲಿ ಸಿಗ್ತದೆ. ನನ್ನ ತಮ್ಮನ ಪುಸ್ತಕ ಯಾವ ಅಂಗಡಿಯಲ್ಲಿ ಉಂಟು?"

"ಅಂಗಡಿಯೂ ನೀರಿನಲ್ಲೇ ಉಂಟು ಮಾರಾಯ್ತಿ!"

ಮೂರು ದಿನ ಮನೆಮಂದಿಯೆಲ್ಲ ಅಟ್ಟದಲ್ಲಿದ್ದ ಹಲಸಿನ ಹಪ್ಪಳ ತಿಂದು ಬದುಕಿದರಂತೆ. ಪುಸ್ತಕಕ್ಕೆ ಒಂದು ಹನಿ ನೀರು ತಾಗಲಿಲ್ಲ. ಅದನ್ನು ಕೇಳಿ ನನಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ನೆರೆಯಿಂದ ಉಳಿಸಿದವರು ನನಗೆ ಕೊಟ್ಟರೆ ಏನು ಹೋಗುತ್ತಿತ್ತು?

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಬೇಸಿಗೆಯಲ್ಲಿ ಏನನ್ನೂ ಕೇಳಲಿಲ್ಲ. ಕೇಳಿ ಕೇಳಿ ಸಾಕಾಗಿತ್ತು. ಅತ್ತೆಯೇ ಕೆಂಪು ಬಟ್ಟೆಯ ಗಂಟು ತಂದು ನನ್ನ ಕೈಯಲ್ಲಿಟ್ಟರು.

"ತೆಗೆದುಕೋ. ನಿನ್ನೆ ಮುಗಿಯಿತು."

ಬಿಚ್ಚಿ ನೋಡಿದೆ. ಮೊದಲರ್ಧದಲ್ಲಿ ಟಿಕೆಟು ಹರಿದ ಮೇಲೆ ಉಳಿದ ತುಂಡುಗಳು, ಅವುಗಳ ಮೇಲೆ ಅಪ್ಪನ ಕೆಂಪು ಪೆನ್ಸಿಲಿನ ಗೀಟುಗಳು. ಅಲ್ಲಿಂದ ಮುಂದೆ ಒಂದು ಟಿಕೆಟನ್ನೂ ಹರಿದಿರಲಿಲ್ಲ. ಒಂದೊಂದರ ಮೇಲೂ ಅತ್ತೆಯ ವಾಲಿದ ಅಕ್ಷರಗಳು, ನೀಲಿ ಶಾಯಿಯಲ್ಲಿ. 'ಮೂಡಬಿದಿರೆಯಿಂದ ಬಂಟ್ವಾಳ. ಅರ್ಧ ಟಿಕೆಟು. ದಾರಿಯಲ್ಲಿ ವಾಂತಿ.' 'ಅರ್ಧ ಟಿಕೆಟು. ಎದುರಿನ ಹಲ್ಲು ಇಲ್ಲ.' ನನಗೆ ಹನ್ನೆರಡು ತುಂಬಿದ ಮೇಲೆ, 'ಪೂರ್ತಿ ಟಿಕೆಟು. ಎರಡು ಜಡೆ.' ರಜೆಗೋ ಹಬ್ಬಕ್ಕೋ ನಾನು ಆ ಮನೆಗೆ ಬಂದ ಒಂದು ಸಲವನ್ನೂ ಬಿಟ್ಟಿರಲಿಲ್ಲ. ಕೊನೆಯ ಟಿಕೆಟಿನಲ್ಲಿ ಹಿಂದಿನ ದಿನದ ನನ್ನ ಪ್ರಯಾಣವಿತ್ತು.

"ನಿಮ್ಮ ಕಾನೂನಿನ ಪ್ರಕಾರ ಇದು ನಿಮ್ಮದೇ ಆಯಿತಲ್ಲ ಅತ್ತೆ," ಎಂದೆ.

"ನಾನು ಬರೆದುಕೊಟ್ಟದ್ದು ಮಾತ್ರ. ಕಂಡಕ್ಟರು ಅವನೇ. ಅಪ್ಪನ ಬಸ್ಸಿನಲ್ಲಿ ಕೂತ ನೆನಪು ನಿನಗೂ ಇರಲಿ ಅಂತ."

ನಾನು ಅತ್ತೇಬಿಟ್ಟೆ.

"ಪುಸ್ತಕದ ಮೇಲೆ ಅಳಬೇಡ ಮಗಾ, ಶಾಯಿ ಹರಡ್ತದೆ," ಎಂದು ಗದರಿಸಿದ ಅತ್ತೆ, ಸೆರಗಿನಿಂದ ಮೊದಲು ಪುಸ್ತಕ ಒರೆಸಿದರು, ಆಮೇಲೆ ನನ್ನ ಕಣ್ಣು.