ದೀಪಸ್ತಂಭದ ಸೊಸೆಯನ್ನು ಮೆಟ್ಟಿಲಿಳಿಸಿದ ಅಂಕಣಕಾರರಿಗೆ

ಮಾನ್ಯರೇ,

‘ಈ ಬೇಸಿಗೆಗೆ ಓದಲೂ ನೋಡಲೂ’ ಎಂಬ ವಾರದ ಅಂಕಣದ ಕರ್ತೃಗಳೂ, ಹೊಸ ಪುಸ್ತಕಗಳನ್ನೂ ಅವುಗಳಿಂದ ಹುಟ್ಟಿದ ಸಿನಿಮಾಗಳನ್ನೂ ಒಂದೇ ಉಸಿರಿನಲ್ಲಿ ಹರಸಿ ಕಳಿಸುವ ಉದಾರಿಗಳೂ ಆದ ಡಾನ್ ಅಬುಂಡಿಯೊ ಲರಿನಾಗಾ ಅವರ ಸನ್ನಿಧಾನಕ್ಕೆ, ಪ್ಲಾಸೆಟಾಸ್ ಊರಿನ ಸಿಗಾರ್ ಕಾರ್ಖಾನೆಯ ಓದುಗಾರ್ತಿ ಓರ್ಕಿಡೆಯಾ ಬಲ್ಮಸೇಡಾ ಮಾಡುವ ಅನಂತ ವಂದನೆಗಳು. ತಾವು ಹವಾನಾದಲ್ಲಿ ಆರೋಗ್ಯವಾಗಿದ್ದೀರೆಂದೂ, ಹೆಚ್ಚು ಬಳಕೆಯಿಲ್ಲದ ಕಾರಣ ತಮ್ಮ ಕನ್ನಡಕ ಇನ್ನೂ ಹೊಸದರಂತೆಯೇ ಹೊಳೆಯುತ್ತಿದೆಯೆಂದೂ ನಂಬಿದ್ದೇನೆ.

ನನ್ನ ಉದ್ಯೋಗ ತಮ್ಮದರಷ್ಟು ಹಗುರವಾದುದಲ್ಲ. ಸಾಲು ಮೇಜುಗಳಲ್ಲಿ ಕೂತು ಹೊಗೆಸೊಪ್ಪು ಸುತ್ತುವವರ ಕೈಗೆ ಬಿಡುವಿರುವುದಿಲ್ಲ, ಕಿವಿಗೆ ಬೇಕಾದಷ್ಟು ಬಿಡುವಿರುತ್ತದೆ. ಆ ಕಿವಿಗಳಿಗಾಗಿ ನಾನು ಎತ್ತರದ ಪೀಠದ ಮೇಲೆ ಕೂತು ಬೆಳಿಗ್ಗೆ ಪತ್ರಿಕೆಯನ್ನೂ ಮಧ್ಯಾಹ್ನ ಕಾದಂಬರಿಯನ್ನೂ ಗಟ್ಟಿಯಾಗಿ ಓದುತ್ತೇನೆ. ಯಾವ ಕಾದಂಬರಿ ಎಂಬುದನ್ನು ಅವರೇ ಕೈಯೆತ್ತಿ ಆರಿಸುತ್ತಾರೆ, ಓದುವವಳನ್ನೂ ಹಾಗೆಯೇ. ಮೆಚ್ಚಿಗೆಯಾದರೆ ಎಲೆ ಕತ್ತರಿಸುವ ಬಾಗಿದ ಚಾಕುವಿನಿಂದ ಹಲಗೆಯನ್ನು ತಟ್ಟುತ್ತಾರೆ. ಆಗದಿದ್ದರೆ ಅದೇ ಚಾಕುವನ್ನು ನೆಲಕ್ಕೆ ಬೀಳಿಸುತ್ತಾರೆ. ಅಚ್ಚಾದುದನ್ನು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಓದಬೇಕೆಂಬುದು ಈ ಪೀಠಕ್ಕಿರುವ ಒಂದೇ ಕಾನೂನು, ಮತ್ತು ತಾವು ನನ್ನನ್ನು ಹಿಡಿದುಹಾಕಿದ್ದು ಇದೇ ಕಾನೂನಿನಲ್ಲಿ.

ಈ ಬೇಸಿಗೆಗೆ ನಮ್ಮವರು ಆರಿಸಿದ್ದು ‘ದೀಪಸ್ತಂಭದ ಸೊಸೆ’ ಎಂಬ ಹೊಸ ಕಾದಂಬರಿಯನ್ನು. ಕಸಿಲ್ದಾ ಎಂಬಾಕೆ ಹೇಳದೆ ಕೇಳದೆ ಹಡಗು ಹತ್ತಿಹೋದ ಗಂಡನಿಗಾಗಿ ಕಾಯುತ್ತ, ಹಡಗುಗಳಿಗೆ ದಾರಿ ತೋರಲು ಸತ್ತ ಮಾವ ಸ್ತಂಭದ ತುದಿಯಲ್ಲಿ ಹಚ್ಚುತ್ತಿದ್ದ ದೀಪವನ್ನು ತಾನೇ ಹಚ್ಚಿಕೊಂಡು ಬರುತ್ತಾಳೆ. ಅವನು ಬರುತ್ತಾನೋ ಇಲ್ಲವೋ ಎಂಬುದರ ಮೇಲೆ ನಮ್ಮ ಊಟದ ಮನೆಯಲ್ಲಿ ಎರಡು ಪಕ್ಷಗಳಾಗಿ, ಒಬ್ಬರ ತಟ್ಟೆಯ ಕರಿಬೀನ್ಸ್ ಅನ್ನ ಇನ್ನೊಬ್ಬರು ಮುಟ್ಟದಂತಾಗಿತ್ತು. ಅಷ್ಟರಲ್ಲಿ ತಮ್ಮ ಅಂಕಣ ಬಂತು. ಎಂದಿನಂತೆ ನಾನು ಬೆಳಗಿನ ಪತ್ರಿಕೆ ಓದುತ್ತ, ತಾವು ಹೊಗಳಿದ ಪುಸ್ತಕಗಳನ್ನೆಲ್ಲ ಒಂದೊಂದಾಗಿ ದಾಟುತ್ತ, ನಮ್ಮ ಕಾದಂಬರಿಯ ಹೆಸರು ಬಂದು ಎಲ್ಲರ ಕೈಗಳು ನಿಂತಾಗಲೂ ನಿಲ್ಲಿಸಲಾಗದೆ, ಈ ಸಾಲನ್ನು ನನ್ನ ಬಾಯಿಂದಲೇ ಹೊರಡಿಸಿಬಿಟ್ಟೆ: ‘ಕೊನೆಗೂ ಹಡಗು ಮರಳುತ್ತದೆ, ಮಳೆಯಲ್ಲಿ ಮೆಟ್ಟಿಲಿಳಿದು ಓಡಿಬಂದ ಕಸಿಲ್ದಾ ಗಂಡನ ತೋಳಿಗೆ ಬೀಳುತ್ತಾಳೆ. ಪುಸ್ತಕವನ್ನೂ ಚಿತ್ರವನ್ನೂ ತಪ್ಪದೆ ಸವಿಯಿರಿ.’

“ಮುಗೀತಲ್ಲಮ್ಮಾ ಕಥೆ, ಮಧ್ಯಾಹ್ನ ಬೇರೆ ಪುಸ್ತಕ ತೆಗಿ,” ಎಂದು ಮುಂದಿನ ಸಾಲಿನ ಕ್ಲೊದೊಮಿರೊ ಕೂಗಿದ. ಅವನು ‘ಬರೋದಿಲ್ಲ’ ಪಕ್ಷದವನು, ಸೋತ ಸಿಟ್ಟು ಬೇರೆ. ಆದರೆ ಅವನ ಪಕ್ಕದ ಹೆನೊವೇವಾ, “ಸುಮ್ನಿರೋ ನೀನು! ಬರ್ತಾನೆ ಅಂತ ಗೊತ್ತಾದ್ಮೇಲೆ ಕೇಳೋದೇ ಒಂದು ಸುಖ. ನಿಧಾನಕ್ಕೆ ಓದು ತಾಯೀ,” ಎಂದಳು. ಇವಳ ಗಂಡ ದೋಣಿ ಹತ್ತಿ, ಸಮುದ್ರ ದಾಟಿ ಉತ್ತರದ ಕಡೆ ಹೋಗಿ ಮರಳದವನು. ಆಗ ಎದೆಹಾಲು ಕುಡಿಯುತ್ತಿದ್ದ ಮಗಳಿಗೆ ಈಗ ಮದುವೆಯಾಗಿದೆ. ಮರುದಿನ ಹೆನೊವೇವಾ ತಲೆಗೆ ಬಣ್ಣ ಹಾಕಿಕೊಂಡು, ತುಟಿಗೂ ಬಳಿದುಕೊಂಡು ಕೆಲಸಕ್ಕೆ ಬಂದಳು. ತಮ್ಮ ಲೇಖನಿಗೆ ಇಷ್ಟು ಶಕ್ತಿಯಿದೆಯೆಂದು ತಮಗೇ ತಿಳಿದಿರಲಾರದು.

ಮಾನ್ಯರೇ, ಪುಸ್ತಕದ ಕೊನೆ ನನಗೆ ಗೊತ್ತಿತ್ತು, ಏಕೆಂದರೆ ಪುಸ್ತಕದ ಬಗ್ಗೆ ಬಾಯಿ ತೆರೆಯುವ ಮುನ್ನ ಅದನ್ನೊಮ್ಮೆ ಓದಿಕೊಳ್ಳುವ ಹಳ್ಳಿಗಾಡಿನ ಚಟ ನನ್ನದು. ಅದು ತಾವು ಬರೆದ ಕೊನೆಯಲ್ಲ. ತಾವು ಬರೆದದ್ದು ಸಿನಿಮಾದ್ದು. ಇದನ್ನು ಹೇಳಿಬಿಟ್ಟರೆ ತಮ್ಮ ಅಪರಾಧವನ್ನೇ ನಾನೂ ಮಾಡಿದಂತಾಗುತ್ತಿತ್ತು. ಹೇಳದಿದ್ದರೆ ಹೆನೊವೇವಾಳ ತುಟಿಯ ಬಣ್ಣ ದಿನದಿಂದ ದಿನಕ್ಕೆ ಗಾಢವಾಗುತ್ತಿತ್ತು. ಆ ದಿನಗಳಲ್ಲಿ ನನ್ನ ಗಂಟಲಿಗಿಳಿಯದ ಪ್ರತಿ ತುತ್ತಿಗೂ ತಾವೇ ಹೊಣೆ.

ಕೊನೆಯ ಅಧ್ಯಾಯದ ದಿನ ಬಂತು. ಪುಸ್ತಕದಲ್ಲೂ ಗಂಡ ಬರುತ್ತಾನೆ, ಕೆಳಗೆ ನಿಂತು ಕೂಗುತ್ತಾನೆ. ಕಸಿಲ್ದಾ ಇಳಿಯುವುದಿಲ್ಲ. ಗಾಜು ಒರೆಸುತ್ತಾಳೆ, ಎಣ್ಣೆ ಹೊಯ್ಯುತ್ತಾಳೆ, ಹೊತ್ತಿಗೆ ಸರಿಯಾಗಿ ದೀಪ ಹಚ್ಚುತ್ತಾಳೆ. ನಾನು ಪುಸ್ತಕ ಮುಚ್ಚುವ ಮೊದಲೇ ಚಾಕುಗಳು ದಡದಡನೆ ನೆಲಕ್ಕೆ ಬಿದ್ದವು. “ಪತ್ರಿಕೇಲಿ ಓದಿದ್ದೊಂದು, ಪುಸ್ತಕದಲ್ಲಿ ಓದೋದೊಂದಾ? ನಿಂಗೆ ಗಂಡ ಇಲ್ಲ ಅಂತ ಕಸಿಲ್ದಾಗೂ ಇರ್ಬಾರ್ದಾ?” ಎಂದ ಕ್ಲೊದೊಮಿರೊ, ನನ್ನನ್ನು ಇಳಿಸಿ ಬೇರೆಯವರನ್ನು ಕೂರಿಸಲು ಕೈಯೆತ್ತಿಸಹೊರಟ. ಇಷ್ಟು ವರ್ಷ ನನ್ನ ದನಿಯನ್ನು ನಂಬಿದವರು ನನ್ನನ್ನು ಸುಳ್ಳಿಯೆಂದು ನೋಡಿದ ಆ ಗಳಿಗೆಯನ್ನು, ಮಾನ್ಯರೇ, ಯಾವ ಋತುವಿನಲ್ಲೂ ಸವಿಯಲಾರೆ.

“ಬಾರಪ್ಪಾ, ನೀನೇ ಹತ್ತಿ ಓದು,” ಎಂದು ಪುಸ್ತಕ ಚಾಚಿದೆ. ಅವನು ಪೀಠ ಹತ್ತಿ, ಬೆರಳಿಟ್ಟು, ತಡವರಿಸುತ್ತ ಓದಿದ. ದೀಪ ಹಚ್ಚುವಲ್ಲಿಗೆ ಬರುವಷ್ಟರಲ್ಲಿ ಅವನ ದನಿ ಇಳಿದುಹೋಗಿತ್ತು. ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರೂ ಹೆನೊವೇವಾಳನ್ನು ನೋಡುತ್ತಿದ್ದರು. “ಇನ್ನೊಂದ್ಸಲ ಓದೋ,” ಎಂದಳು. ಓದಿದ. ಅವಳು ಮುಂಗೈಯಿಂದ ತುಟಿ ಒರೆಸಿಕೊಂಡು, ಬಗ್ಗಿ ಚಾಕು ಎತ್ತಿಕೊಂಡು, “ಬಂದ್ರೆ ಬರ್ಲಿ ಕಣೋ. ನಾನೂ ಇಳಿಯಲ್ಲ,” ಎಂದು ಹಲಗೆಯನ್ನು ತಟ್ಟಿದಳು. ಆಮೇಲೆ ಇಡೀ ಕಾರ್ಖಾನೆಯೇ ತಟ್ಟಿತು. ನನಗೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಆದ್ದರಿಂದ ಈ ದೂರು ಕೊನೆಗೆ ಕೃತಜ್ಞತೆಯಾಗಿಯೇ ಮುಗಿಯಬೇಕಾಗಿದೆ. ತಾವು ಪುಸ್ತಕವನ್ನು ಓದಿ ಬರೆದಿದ್ದರೆ ಅದರ ಕೊನೆ ನಮ್ಮ ಕೈತಪ್ಪಿಹೋಗುತ್ತಿತ್ತು. ಓದದೇ ಬರೆದು ಅದನ್ನು ನಮಗಾಗಿ ಮುಕ್ಕಾಗದಂತೆ ಕಾಪಾಡಿದಿರಿ. ಈ ಸಂಯಮವನ್ನು ತಾವು ಮುಂದೆಯೂ ಬಿಡಬಾರದೆಂದು ನಮ್ಮವರ ಪ್ರಾರ್ಥನೆ. ನಾವು ಮುಂದೆ ಆರಿಸಿರುವ ಕಾದಂಬರಿಯೂ ಸಿನಿಮಾ ಆಗುತ್ತಿದೆಯಂತೆ. ಅದು ಹೇಗೆ ಮುಗಿಯುವುದಿಲ್ಲ ಎಂಬುದನ್ನು ದಯಮಾಡಿ ಬೇಗನೆ ತಿಳಿಸಿಕೊಟ್ಟರೆ ನಾವು ನೆಮ್ಮದಿಯಿಂದ ಓದಲು ತೊಡಗುತ್ತೇವೆ. ಹಾಗೆಯೇ, ತಮ್ಮ ಅಂಕಣದಲ್ಲಿ ಕಥೆಯ ಕೊನೆ ಬರುವ ಮುನ್ನ, ಓದುಗಾರ್ತಿಯರು ಕೆಮ್ಮಿ ಕೇಳುವವರನ್ನು ಎಚ್ಚರಿಸಲು ಒಂದಿಷ್ಟು ಖಾಲಿ ಜಾಗ ಬಿಡಿಸಿಕೊಡಬೇಕಾಗಿಯೂ ವಿನಂತಿ.

ತಮ್ಮ ಪ್ರತಿ ಸಾಲನ್ನೂ ಬಿಡದೆ ಓದಲೇಬೇಕಾದ,
ತಮ್ಮ ವಿಶ್ವಾಸಿ,
ಓರ್ಕಿಡೆಯಾ ಬಲ್ಮಸೇಡಾ

ಮರೆತ ಮಾತು: ಇದರೊಂದಿಗೆ ಹೆನೊವೇವಾ ತನ್ನ ಕೈಯಾರೆ ಸುತ್ತಿದ ಒಂದು ಸಿಗಾರ್ ಕಳಿಸಿದ್ದಾಳೆ. ಹೊರಗಿನ ಎಲೆ ಮೊದಲ ದರ್ಜೆಯದು. ಒಳಗೆ ಸೊಪ್ಪಿನ ಬದಲು ತಮ್ಮ ಅಂಕಣವನ್ನೇ ತುಂಬಿದ್ದಾಳೆ. ತಾವು ಹಚ್ಚುವ ತೊಂದರೆ ತೆಗೆದುಕೊಳ್ಳಬೇಕಿಲ್ಲ; ಹೊರಗಿನಿಂದ ನೋಡಿಯೇ ನಾಲ್ಕು ಒಳ್ಳೆಯ ಮಾತು ಬರೆಯಿರಿ, ಮುಂದಿನ ವಾರ ಬೆಳಿಗ್ಗೆ ಅವಳೆದುರೇ ಓದುತ್ತೇನೆ.